ಕಕ್ಕಡದ ಮಳೆ, ಕೋವಿಯ ತುಕ್ಕು

ಕೊಡಗಿನ ಮಳೆಯನ್ನು ಬಯಲುಸೀಮೆಯವರು ಒಂದೆರಡು ದಿನ ನೋಡಿ, ಸಂತೋಷಪಟ್ಟು, ಊರಿಗೆ ಮರಳುತ್ತಾರೆ. ಅದರೊಡನೆ ಬಾಳುವೆ ಮಾಡುವವರ ಮಾತು ಬೇರೆ. ಭಾಗಮಂಡಲದ ಸುತ್ತಿನ ನಾಡಿನಲ್ಲಿ ವರ್ಷವೊಂದರ ಮಳೆ 5,000 ಮಿಲಿಮೀಟರನ್ನು ದಾಟುವುದು ಅಪರೂಪವಲ್ಲ. ಅದರಲ್ಲಿ ಬಹುಪಾಲು ಜೂನ್, ಜುಲೈ, ಆಗಸ್ಟ್ ಈ ಮೂರೇ ತಿಂಗಳಲ್ಲಿ ಸುರಿದುಹೋಗುತ್ತದೆ. ಕಾವೇರಿಗೆ ಕನ್ನಿಕೆ ಬಂದು ಸೇರುವಲ್ಲಿ ನೀರು ಉಕ್ಕಿ ದೇವಾಲಯದ ಮೆಟ್ಟಿಲುಗಳತ್ತ ಏರುತ್ತದೆ. ಗದ್ದೆ ಯಾವುದು ಹೊಳೆ ಯಾವುದು ಎಂಬ ಗುರುತು ಅಳಿಯುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ವರೆಗಿನ ತಿಂಗಳಿಗೆ ಕೊಡವರು ಕಕ್ಕಡವೆನ್ನುತ್ತಾರೆ. ಆ ತಿಂಗಳಲ್ಲಿ ಉಪ್ಪಿನ ಭರಣಿ ತಾನಾಗಿ ಒಸರುತ್ತದೆ, ಬೆಂಕಿಕಡ್ಡಿ ಗೀರಿದರೆ ಹೊತ್ತದು, ಪೆಟ್ಟಿಗೆಯಲ್ಲಿಟ್ಟ ಚರ್ಮದ ಬೂಟಿಗೆ ಬೂಷ್ಟು ಹಿಡಿಯುತ್ತದೆ. ಇವೆಲ್ಲಕ್ಕೂ ಬಿಸಿಲು ಬಂದಾಗ ಪರಿಹಾರವುಂಟು. ಕಬ್ಬಿಣಕ್ಕೆ ಹತ್ತಿದ್ದು ಮಾತ್ರ ಬಿಸಿಲಿಗೆ ಹೋಗುವುದಿಲ್ಲ.

ಕಬ್ಬಿಣವೆಂದರೆ ಈ ನಾಡಿನಲ್ಲಿ ನೇಗಿಲ ಕುಳ, ಕತ್ತಿ, ಗುದ್ದಲಿ ಮಾತ್ರವಲ್ಲ, ಕೋವಿಯೂ ಹೌದು. ಬೇರೆ ಸೀಮೆಗಳಲ್ಲಿ ಕೋವಿಯೆಂದರೆ ಪೊಲೀಸರ ಹೆಗಲ ಮೇಲಿನ ವಸ್ತು, ಇಲ್ಲವೆ ಸಿನಿಮಾದ ವಸ್ತು. ಕೊಡಗಿನಲ್ಲಿ ಅದು ಮನೆಯ ದೀಪದಂತೆ, ಒನಕೆಯಂತೆ, ಸಂಸಾರದೊಳಗಿನದು. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಈಡು. ಪುತ್ತರಿಯ ಇರುಳು ಹೊಸ ತೆನೆಗೆ ಕುಡುಗೋಲು ತಗಲುವಾಗ ಒಂದು ಈಡು. ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು, ಎರಡು ಈಡು. ಗುಡ್ಡದಾಚೆಯವರು ಆ ಎರಡನ್ನು ಎಣಿಸಿ, ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ದೂರವಾಣಿ ಬರುವುದಕ್ಕೆ ಎಷ್ಟೋ ಹಿಂದಿನಿಂದ ಇದ್ದ ಈ ಏರ್ಪಾಡು ದೂರವಾಣಿ ಬಂದ ಮೇಲೂ ಉಳಿದಿದೆ.

ಭಾಗಮಂಡಲದಿಂದ ನಾಪೋಕ್ಲಿನ ಕಡೆಗೆ ಇಳಿಯುವ ದಾರಿಯಲ್ಲಿ, ಕಾಫಿತೋಟದ ನಡುವೆ, ಎರಡು ಕಡೆಯೂ ಮಣ್ಣಿನ ದಿಣ್ಣೆಯುಳ್ಳ ಓಣಿಯ ತುದಿಗೆ ಒಂದು ಐನ್‌ಮನೆಯಿದೆ. ಎದುರು ಜಗಲಿಯಲ್ಲಿ ತಲೆಮಾರುಗಳ ಮೈಯುಜ್ಜಿ ನುಣುಪಾದ ಐಮರ. ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ. ನೈಋತ್ಯದ ಮೂಲೆಗೆ ಹಿರಿಯರ ಕೋಣೆಯಾದ ಕನ್ನಿಕೊಂಬರೆ. ಈ ಒಕ್ಕಕ್ಕೆ ಸೇರಿದವರು ಮೂವತ್ತು ಮನೆಗಳಷ್ಟಿರಬಹುದು. ಮೈಸೂರು, ಬೆಂಗಳೂರು, ಸೈನ್ಯದ ಠಾಣೆಗಳೆಂದು ಚದರಿಹೋಗಿದ್ದಾರೆ. ಐನ್‌ಮನೆಯಲ್ಲಿ ವಾಸವಿದ್ದವರು ಅಣ್ಣತಮ್ಮಂದಿರಿಬ್ಬರು, ಇಬ್ಬರೂ ಎಂಬತ್ತು ಮೀರಿದವರು. ಅಣ್ಣನೇ ಪಟ್ಟೆದಾರ, ಮನೆಯ ಕೋವಿಗಳೆರಡೂ ಅವರ ಸುಪರ್ದಿನಲ್ಲಿದ್ದವು. ಒಂದು ಹನ್ನೆರಡು ಬೋರಿನ ಜೋಡುನಳಿಗೆಯ ಕೋವಿ. ಇನ್ನೊಂದು ಅದಕ್ಕಿಂತ ಎರಡು ತಲೆಮಾರು ಹಳೆಯ ಕೇಪಿನ ಕೋವಿ, ಬಾಯಿಯಿಂದ ಮದ್ದು ತುಂಬುವಂಥದು.

ಅಣ್ಣ ಎರಡು ಮಳೆಗಾಲ ಹಾಸಿಗೆ ಹಿಡಿದಿದ್ದರು. ಜೋಡುನಳಿಗೆ ಚರ್ಮದ ಚೀಲದೊಳಗೆ, ಬೀಗ ಹಾಕಿದ ಬೀರುವಿನಲ್ಲಿ ಉಳಿಯಿತು. ಬೀಗದ ಕೈ ಅವರ ದಿಂಬಿನ ಕೆಳಗಿತ್ತು. ಕೇಳುವುದಕ್ಕೆ ತಮ್ಮನಿಗೆ ಮನಸ್ಸು ಬರಲಿಲ್ಲ. ಈಚಿನ ಒಂದು ಕಕ್ಕಡದ ಮುಂಜಾನೆ ಅಣ್ಣ ತೀರಿಕೊಂಡರು. ತಮ್ಮ ಬೀಗ ತೆಗೆದು, ಚೀಲ ಬಿಚ್ಚಿ, ಕೋವಿಯನ್ನು ಮುರಿಯಲು ನೋಡಿದರೆ (ತೋಟೆ ತುಂಬಲು ನಳಿಗೆಯನ್ನು ಬಾಗಿಸುವುದಕ್ಕೆ ಅಲ್ಲಿ ‘ಮುರಿಯುವುದು’ ಎಂದೇ ಹೆಸರು) ಅದು ಬಾಗಲೇ ಇಲ್ಲ. ನಳಿಗೆಯ ಮೇಲೆಲ್ಲ ಕುಂಕುಮ ಚೆಲ್ಲಿದಂತೆ ಕೆಂಪು ಪುಡಿ. ಅಗುಳಿಯ ಹಿಡಿ ಕದಲಲಿಲ್ಲ. ಆಳೊಬ್ಬ ಮಳೆಯಲ್ಲಿ ಓಡಿಹೋಗಿ ನೆರೆಮನೆಯವರನ್ನು ಕರೆತಂದ. ಆ ಮನೆಯ ಯಜಮಾನರು ತಮ್ಮ ಕೋವಿಯಿಂದ ಅಂಗಳದಲ್ಲಿ ಎರಡು ಈಡು ಹೊಡೆದರು. ಅವರು ಮರ್ಯಾದಸ್ಥರು, ಒಂದು ಮಾತೂ ಆಡಲಿಲ್ಲ. ಆದರೆ ಗುಡ್ಡದಾಚೆ ಆ ಸದ್ದು ಕೇಳಿದ ಹಳಬರಲ್ಲಿ ಒಂದಿಬ್ಬರು, ಇದು ಆ ಮನೆಯ ಕೋವಿಯ ಸದ್ದಲ್ಲವಲ್ಲ ಎಂದು ಅಲ್ಲಿಯೇ ಹೇಳಿಕೊಂಡರಂತೆ. ಆ ಮಾತು ಸುತ್ತಿ ಬಳಸಿ ತಮ್ಮನ ಕಿವಿಗೂ ಬಿತ್ತು.

ಕೊಡವರಿಗೆ ಕೋವಿಯ ಮೇಲಿರುವ ಹಕ್ಕಿನ ಚರಿತ್ರೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ದಂಗೆಯ ತರುವಾಯ ದೇಶವನ್ನೆಲ್ಲ ನಿರಾಯುಧವಾಗಿಸುವ ಕಾಯಿದೆ ಬಂದಾಗ, 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟನು. ಸ್ವಾತಂತ್ರ್ಯ ಬಂದ ಬಳಿಕ 1959ರ ಆಯುಧ ಕಾಯಿದೆಯಡಿಯಲ್ಲಿಯೂ ಕೊಡವ ಕುಲದವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ವರೆಗೆ ವಿಸ್ತರಿಸಿತು. ಪ್ರಶ್ನಿಸಿ ಹೂಡಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತಳ್ಳಿಹಾಕಿತು. ಲೈಸೆನ್ಸು ಬೇಡವೆಂದರೆ ಲೆಕ್ಕವೇ ಬೇಡವೆಂದಲ್ಲ. ವಿನಾಯಿತಿಯ ಪತ್ರವಿರಬೇಕು, ಪತ್ರದಲ್ಲಿ ಬರೆದ ಸಂಖ್ಯೆಯೂ ಕೋವಿಯ ಮೇಲೆ ಕೊರೆದ ಸಂಖ್ಯೆಯೂ ಒಂದೇ ಆಗಿರಬೇಕು. ಆ ಸಂಖ್ಯೆಯನ್ನು ಅಳಿಸುವುದು ಅಪರಾಧ. ಅಣ್ಣ ಹೋದ ಮೇಲೆ ಕೋವಿ ತಮ್ಮನ ಹೆಸರಿಗೆ ವರ್ಗವಾಗಬೇಕಾಗಿತ್ತು, ಸಂಖ್ಯೆಯ ಮೇಲೆ ತುಕ್ಕು ಕೂತಿತ್ತು.

ಆಗಸ್ಟ್ ತಿಂಗಳ ಕೊನೆಗೆ ಬೆಂಗಳೂರಿನಿಂದ ಮೊಮ್ಮಗ ಬಂದ. ಸೆಪ್ಟೆಂಬರ್ 3ರಂದು ಕೈಲ್‌ಪೊಳ್ದ್. ನಾಟಿಯ ಕೆಲಸ ಮುಗಿದು, ಮಳೆಗಾಲದುದ್ದಕ್ಕೂ ಹಿರಿಯರ ಕೋಣೆಯಲ್ಲಿ ವಿಶ್ರಮಿಸಿದ ಆಯುಧಗಳನ್ನು ಪೂಜಿಸಿ ಹೊರತೆಗೆಯುವ ಹಬ್ಬವದು. ಕೆಲವು ನಾಡುಗಳಲ್ಲಿ ದಿನ ಹಿಂದುಮುಂದಾಗುವುದುಂಟು; ಹೆಚ್ಚಿನವರಿಗೆ ಮೂರನೆಯ ತಾರೀಖೇ ಸರಿ. ಅಂದು ದೀಪದ ಮುಂದೆ ಕೋವಿಗಳನ್ನು ಸಾಲಾಗಿ ನಿಲ್ಲಿಸಿ, ಗಂಧವಿಟ್ಟು, ನಳಿಗೆಯ ಬಾಯಿಗೆ ತೋಕ್‌ಪೂವನ್ನು ಸಿಕ್ಕಿಸಬೇಕು. ಕೊಡವ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಕನ್ನಡದಲ್ಲಿ ಅಗ್ನಿಶಿಖೆಯೆಂದೂ ಗೌರಿಹೂವೆಂದೂ ಕರೆಯುವ, ಕೆಂಪು ಹಳದಿ ಜ್ವಾಲೆಯಂತೆ ಮೇಲ್ಮುಖವಾಗಿ ಎಸಳು ಚಾಚುವ ಹೂವೇ ಅದು. ಬೇಲಿಸಾಲಿನಲ್ಲಿ ಅದು ಆಗಲೇ ಬಿರಿಯತೊಡಗಿತ್ತು. ಇಂಥ ಚೆಲುವೆಯ ಗೆಡ್ಡೆಯಲ್ಲಿ ಕಡುವಿಷವಿದೆಯೆಂಬುದು ಗೊತ್ತಿಲ್ಲದವರಿಗೆ ತಿಳಿದಿರಲಿ.

ಹುಡುಗನಿಗೆ ಒಳ್ಳೆಯ ಮನಸ್ಸು, ಅವಸರದ ಕೈ. ಬರುವಾಗಲೇ ಮಡಿಕೇರಿಯ ಅಂಗಡಿಯಿಂದ ಮರಳುಕಾಗದ ಕೊಂಡುತಂದಿದ್ದ. ಅಡಿಗೆಮನೆಗೆ ಹೋಗಿ ಒಂದು ಹಿಡಿ ಹುಣಸೆಹಣ್ಣನ್ನೂ ನೆನೆಹಾಕಿಸಿದ್ದ. ಐಮರದ ಮೇಲೆ ಹಳೆಯ ಗೋಣಿ ಹಾಸಿ ಎಲ್ಲವನ್ನೂ ಅಣಿಮಾಡಿಕೊಂಡು, ಅಜ್ಜ ಬಂದು ಕುಳಿತಾಗ ಹೇಳಿದ: ‘‘ಸಂಜೆಯೊಳಗೆ ಬೆಳ್ಳಿಯ ಹಾಗೆ ಹೊಳೆಯುವ ಹಾಗೆ ಮಾಡಿಬಿಡುತ್ತೇನೆ, ಅಜ್ಜ.’’

‘‘ಬೆಳ್ಳಿಯಾಗಿದ್ದರೆ ನಿನ್ನ ಅಜ್ಜಿಯ ಪೆಟ್ಟಿಗೆಯಲ್ಲಿರುತ್ತಿತ್ತು,’’ ಎಂದರು ಅಜ್ಜ. ‘‘ಮೊದಲು ಅದನ್ನು ಇತ್ತ ಕೊಡು ಮಗ. ಬಾಯಿ ಗದ್ದೆಯ ಕಡೆಗಿರಲಿ.’’

ಗಂಟು ಇಲ್ಲಿಯೇ ಇತ್ತು. ಕೋವಿ ಬಾಗದಿದ್ದ ಮೇಲೆ ಒಳಗೆ ತೋಟೆಯಿದೆಯೋ ಇಲ್ಲವೋ ಹೇಳುವವರಾರು? ಅಣ್ಣ ಖಾಲಿ ಮಾಡದೆ ಇಡುವವರಲ್ಲ. ಆದರೆ ಕೊನೆಯ ಎರಡು ವರ್ಷ ಅವರ ನೆನಪು ಮಂಕಾಗಿತ್ತು. ಇದೆಯೆಂದೇ ಭಾವಿಸಿ ನಡೆಯುವುದು ಕೋವಿಯ ಮನೆಯ ಮೊದಲ ಪಾಠ. ಅಜ್ಜ ಕುದುರೆಯನ್ನಾಗಲಿ ಟ್ರಿಗರನ್ನಾಗಲಿ ಮುಟ್ಟಲು ಬಿಡಲಿಲ್ಲ. ಹಕ್ಕಿಯ ಗರಿಯೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ, ನಳಿಗೆ ಮಡಿಯುವ ಕೀಲಿನ ಸಂದಿಗೂ ಅಗುಳಿಯ ಬುಡಕ್ಕೂ ಹನಿಹನಿಯಾಗಿ ಬಿಟ್ಟರು. ಬಾಯಿ ಗದ್ದೆಯತ್ತ ತಿರುಗಿಸಿ ಗೋಣಿಯ ಮೇಲೆ ಇರಿಸಿ, ಪಕ್ಕದಲ್ಲಿಯೇ ಕುಳಿತು ಎಲೆಯಡಿಕೆ ಹಾಕಿಕೊಂಡರು. ಹುಡುಗ ಸುತ್ತಿಗೆ ತರಲೇ ಎಂದು ಕೇಳಿದ. ಅವರು ಉತ್ತರ ಕೊಡಲಿಲ್ಲ. ಒಂದು ಗಂಟೆಗೊಮ್ಮೆ ಗರಿ ಆಡಿಸುವುದು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿನೋಡುವುದು. ಮಧ್ಯಾಹ್ನದ ಊಟ ಮುಗಿದ ಮೇಲೆ ನಾಲ್ಕನೆಯ ಸಲ ಒತ್ತಿದಾಗ ಕಿರ್ರೆಂದು ಅಗುಳಿ ಸರಿಯಿತು. ನಳಿಗೆ ಬಾಗಿತು. ಎರಡು ಮನೆಗಳೂ ಖಾಲಿ. ಅಜ್ಜ ಕಿರುಬೆರಳನ್ನು ಒಂದೊಂದಕ್ಕೂ ಹಾಕಿ ನೋಡಿ, ‘‘ಅಣ್ಣ ಮರೆತಿರಲಿಲ್ಲ’’ ಎಂದಷ್ಟೇ ಹೇಳಿದರು.

ಮರಳುಕಾಗದವೂ ಹುಣಸೆಯೂ ಏಕೆ ಬೇಡವಾದುವೆಂಬುದನ್ನು ತಿಳಿಯಬೇಕಾದರೆ ತುಕ್ಕೆಂದರೇನೆಂಬುದನ್ನು ತುಸು ನೋಡಬೇಕು. ಕನ್ನಡ ಈ ವಿಷಯದಲ್ಲಿ ಜಾಗರೂಕವಾದ ಭಾಷೆ: ತಾಮ್ರ ಹಿತ್ತಾಳೆಗೆ ಹಿಡಿಯುವುದು ಕಿಲುಬು, ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಎರಡರ ಸ್ವಭಾವವೂ ಬೇರೆ. ತಾಮ್ರದ ಕಿಲುಬು ಹೆಚ್ಚಾಗಿ ಮೈಗೆ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಕಾಯುವುದಿಲ್ಲ. ನೀರೂ ಗಾಳಿಯೊಳಗಿನ ಆಮ್ಲಜನಕವೂ ಕೂಡಿ ಸಿಕ್ಕಿದರೆ ಕಬ್ಬಿಣ ಅವುಗಳೊಡನೆ ಬೆರೆತು, ತಾನಿದ್ದುದಕ್ಕಿಂತ ಹೆಚ್ಚು ಜಾಗ ಹಿಡಿಯುವ ಕೆಂಪು ಪುಡಿಯಾಗುತ್ತದೆ. ಆ ಪುಡಿ ಸಡಿಲ, ಎದ್ದು ಬೀಳುತ್ತದೆ, ಕೆಳಗಿನ ಹೊಸ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ತೇವವನ್ನು ಹೀರಿ ಹಿಡಿದಿಡುವ ಗುಣವೂ ಅದಕ್ಕುಂಟು. ನೀರು ಹನಿದೇ ತೀರಬೇಕೆಂದಿಲ್ಲ. ಗಾಳಿಯ ತೇವ ಶೇಕಡಾ 60ನ್ನು ಮೀರಿದರೆ ಸಾಕು, ಕೆಲಸ ಚುರುಕಾಗುತ್ತದೆ. ಕಕ್ಕಡದಲ್ಲಿ ಅದು 90ನ್ನು ಮುಟ್ಟುವುದು ದಿನನಿತ್ಯದ ಸಂಗತಿ. ಬೆವರಿದ ಕೈಯ ಉಪ್ಪು ಸೇರಿದರಂತೂ ಬೆರಳಿನ ಗೆರೆಗಳೇ ತುಕ್ಕಿನಲ್ಲಿ ಮೂಡಿ ನಿಲ್ಲುತ್ತವೆ. ಜೋಡುನಳಿಗೆಯ ಮೇಲೆ ಅಂಥ ಹೆಬ್ಬೆರಳ ಗುರುತೊಂದು ಇದ್ದಿತು. ಕೊನೆಯ ಸಲ ಅದನ್ನು ಚೀಲದೊಳಗಿಟ್ಟ ಕೈ ಯಾರದೆಂದು ಮನೆಯವರೆಲ್ಲರಿಗೂ ಗೊತ್ತು.

ಚರ್ಮದ ಚೀಲವೂ ಇದರಲ್ಲಿ ಪಾಲುಗಾರ. ನೋಡುವವರಿಗೆ ಅದು ಕೋವಿಗೆ ತೊಡಿಸಿದ ಅಂಗಿಯಂತೆ ಕಾಣುತ್ತದೆ. ಆದರೆ ಚರ್ಮ ತೇವವನ್ನು ಹೀರಿ ತನ್ನೊಳಗೆ ಇಟ್ಟುಕೊಳ್ಳುತ್ತದೆ. ಹದಮಾಡಿದಾಗಿನ ಉಪ್ಪು ಹುಳಿಗಳೂ ಅದರಲ್ಲಿರುತ್ತವೆ. ಹೊತ್ತೊಯ್ಯುವಾಗ ಚೀಲ ಒಳ್ಳೆಯದು. ಮಳೆಗಾಲ ಕಳೆಯುವುದಕ್ಕೆ ಗಾಳಿಯಾಡುವ ಗೋಡೆಯ ಗೂಟವೇ ಮೇಲು.

ಇನ್ನು ಬಣ್ಣದ ಮಾತು. ನಳಿಗೆಯ ಆ ನೀಲಿಗಪ್ಪು ಬಳಿದ ಬಣ್ಣವಲ್ಲ. ಹಳೆಯ ಕಾಲದ ಕುಶಲಿಗಳು ಹೊಸ ನಳಿಗೆಗೆ ಹುಳಿಯ ದ್ರಾವಣವನ್ನು ತೆಳುವಾಗಿ ಸವರಿ, ತೇವದ ಕೋಣೆಯಲ್ಲಿಟ್ಟು ಬೇಕೆಂದೇ ತುಕ್ಕು ಹಿಡಿಸುತ್ತಿದ್ದರು. ಆಮೇಲೆ ಕುದಿಯುವ ನೀರಿನಲ್ಲಿ ಅದ್ದುವರು. ಕೆಂಪು ತುಕ್ಕು ಕಪ್ಪಾಗಿ ಬದಲಾಗುವುದು. ಸಡಿಲಾದುದನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು ಮತ್ತೆ ತುಕ್ಕು, ಮತ್ತೆ ಕುದಿನೀರು. ಹೀಗೆ ಹಲವು ಸಲ. ಕೊನೆಗೆ ಉಳಿಯುವ ತೆಳುವಾದ ಕಪ್ಪು ಪದರ ಲೋಹಕ್ಕೆ ಬಿಗಿಯಾಗಿ ಕಚ್ಚಿಕೊಂಡು, ಎಣ್ಣೆಯನ್ನು ಹಿಡಿದಿಟ್ಟು, ಕೆಂಪು ತುಕ್ಕನ್ನು ತಡೆಯುತ್ತದೆ. ಎಂದರೆ ಕೋವಿಯ ಕಪ್ಪು ಕೂಡ ಒಂದು ಬಗೆಯ ತುಕ್ಕೇ, ಪಳಗಿಸಿದ ತುಕ್ಕು. ಹುಣಸೆಯ ಹುಳಿಗೆ ಕಾಡಿನದು ಯಾವುದು, ಪಳಗಿದ್ದು ಯಾವುದು ಎಂಬ ಭೇದವಿಲ್ಲ, ಎರಡನ್ನೂ ತಿಂದುಹಾಕುತ್ತದೆ. ಬಿಂದಿಗೆ ಬೆಳಗುವ ಜಾಣ್ಮೆಯನ್ನು ಕೋವಿಗೆ ತಂದವರು ಬಿಂದಿಗೆಯಷ್ಟೇ ಬತ್ತಲಾದ ನಳಿಗೆಯನ್ನು ಪಡೆಯುತ್ತಾರೆ. ಮುಂದಿನ ಕಕ್ಕಡಕ್ಕೆ ಅದು ಬರಿಮೈಯಲ್ಲಿ ನಿಲ್ಲಬೇಕು. ಮರಳುಕಾಗದವಂತೂ ಬಣ್ಣದ ಜೊತೆಗೆ ಲೋಹವನ್ನೂ ಅಕ್ಷರಗಳನ್ನೂ ಸಂಖ್ಯೆಯನ್ನೂ ಸವೆಸುತ್ತದೆ. ಆ ಮೇಲೆ ಕಚೇರಿಯ ಗುಮಾಸ್ತನಿಗೆ ತೋರಿಸುವುದೇನನ್ನು?

ಅಜ್ಜ ತೆಗೆದದ್ದು ಒಂದು ಹಳೆಯ ಕಾಲಾಣೆಯ ತಾಮ್ರದ ಬಿಲ್ಲೆ. ವಿಕ್ಟೋರಿಯಾ ರಾಣಿಯ ಮುಖ ಅದರಲ್ಲಿ ಮುಕ್ಕಾಲು ಪಾಲು ಅಳಿದಿತ್ತು. ಕಾಸಿನ ಬೆಲೆಯಿಲ್ಲದ ಈ ಕಾಸು ಆ ಮನೆಯಲ್ಲಿ ಕೋವಿಯ ಸಾಮಾನಿನ ಡಬ್ಬಿಯಲ್ಲಿ ಉಳಿದುಬಂದುದಕ್ಕೆ ಕಾರಣವಿದೆ. ತಾಮ್ರ ಉಕ್ಕಿಗಿಂತ ಮೆದು. ಎಣ್ಣೆಯಲ್ಲಿ ನೆನೆದ ತುಕ್ಕನ್ನು ಅದರ ಅಂಚಿನಿಂದ ಕೆರೆದರೆ ತುಕ್ಕು ಏಳುತ್ತದೆ, ಉಕ್ಕಿಗೆ ಗೀರು ಬೀಳುವುದಿಲ್ಲ. ಸವೆದರೆ ರಾಣಿಯ ಮುಖ ಸವೆಯುತ್ತದೆ. ಹುಡುಗ ತನ್ನ ಕಿಸೆಯಿಂದ ರೂಪಾಯಿ ನಾಣ್ಯ ತೆಗೆದ. ಇಂದಿನ ರೂಪಾಯಿ ಸ್ಟೇನ್‌ಲೆಸ್ ಉಕ್ಕಿನದು, ಅದು ಗೀರುತ್ತದೆ. ಅದು ಕಿಸೆಗೇ ಮರಳಿತು.

ಕೆಲಸದ ಕ್ರಮ ಸರಳ, ಸಾವಧಾನ ಬೇಡುವಂಥದು. ನಳಿಗೆಯನ್ನು ಮರದಿಂದ ಬೇರ್ಪಡಿಸಿ, ಒಣ ಹತ್ತಿಬಟ್ಟೆಯಿಂದ ಸಡಿಲ ಪುಡಿಯನ್ನೂ ಮಣ್ಣನ್ನೂ ಒರೆಸಿ ತೆಗೆದರು. ಹಾಗೆಯೇ ಉಜ್ಜಿದರೆ ಆ ಪುಡಿಯೇ ಮರಳುಕಾಗದವಾಗುತ್ತದೆ. ಬಳಿಕ ಹೊಲಿಗೆ ಯಂತ್ರಕ್ಕೆ ಹಾಕುವ ತೆಳುವಾದ ಎಣ್ಣೆಯನ್ನು ಸವರಿ ಒಂದು ರಾತ್ರಿ ಬಿಟ್ಟರು. ಹುಡುಗ ಕೊಬ್ಬರಿ ಎಣ್ಣೆಯಾದೀತೇ ಎಂದು ಕೇಳಿದ್ದ. ಅದು ತಲೆಗೆ ಆದೀತು. ಕೊಡಗಿನ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ದಿನಗಳೆದಂತೆ ಕಮಟಿ, ಜಿಗುಟಾಗಿ, ಕೀಲುಗಳಲ್ಲಿ ಗೋಂದಿನಂತೆ ಕೂರುತ್ತದೆ.

ಮರುದಿನ ಬೆಳಗ್ಗೆ, ಮರದ ಕೆಳಗೆ ಮುಚ್ಚಿಹೋಗುವ ಜಾಗದಲ್ಲಿ ಮೊದಲು ಪರೀಕ್ಷಿಸಿದರು. ಅಲ್ಲಿ ಬಣ್ಣ ನಿಂತಿತು. ದಪ್ಪನಾದ ಕಲೆಗಳಿಗೆ ತಾಮ್ರದ ಬಿಲ್ಲೆ. ಉಳಿದ ತೆಳುವಾದ ಕೆಂಪಿಗೆ ಎಣ್ಣೆಯಲ್ಲಿ ಅದ್ದಿದ ಸ್ಟೀಲ್ ವುಲ್. ಪಾತ್ರೆ ತಿಕ್ಕುವ ಒರಟು ನಾರಲ್ಲ, ಬಡಗಿಗಳು ಪಾಲಿಷಿಗೆ ಬಳಸುವ ಕೂದಲೆಳೆಯಂಥದು, ‘ನಾಲ್ಕು ಸೊನ್ನೆ’ಯದು. ಬೆರಳ ತುದಿಯ ಭಾರ ಸಾಕು. ಉಜ್ಜುವುದು ನಳಿಗೆಯ ಉದ್ದಕ್ಕೆ. ಸುತ್ತಿಸಿ ಉಜ್ಜಿದರೆ ಗೀರು ಎದ್ದುಕಾಣುತ್ತದೆ. ಹತ್ತು ಸಲ ಎಳೆದು ಒಮ್ಮೆ ಬಿಳಿಯ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಇಟ್ಟಿಗೆಯ ಬಣ್ಣ ಹತ್ತಿದರೆ ತುಕ್ಕು ಬರುತ್ತಿದೆ, ಕೈ ಸಾಗಲಿ. ಬೂದುಗಪ್ಪು ಹತ್ತಿದರೆ ಕೋವಿಯ ಬಣ್ಣವೇ ಬರುತ್ತಿದೆ, ಕೈ ನಿಲ್ಲಲಿ. ಹುಡುಗನಿಗೆ ನಿಲ್ಲಿಸುವುದೇ ಕಷ್ಟವಾದ ಪಾಠ. ಅಜ್ಜ ಮೂರು ಸಲ ಅವನ ಮಣಿಕಟ್ಟು ಹಿಡಿದರು. ತುಕ್ಕು ಆಳಕ್ಕೆ ಇಳಿದಿದ್ದಲ್ಲಿ ಸಣ್ಣ ಕುಳಿಗಳು ಉಳಿದವು. ಅವನ್ನು ಮಟ್ಟಮಾಡಬೇಕೆಂದರೆ ಸುತ್ತಲಿನ ಒಳ್ಳೆಯ ಉಕ್ಕನ್ನೆಲ್ಲ ಕುಳಿಯ ಆಳಕ್ಕೆ ಇಳಿಸಬೇಕಾಗುತ್ತದೆ. ಅವನ್ನು ಹಾಗೆಯೇ ಬಿಟ್ಟರು. ಹೆಬ್ಬೆರಳಿನ ಗುರುತು ಉಜ್ಜಿದರೂ ಪೂರ್ತಿಯಾಗಿ ಹೋಗಲಿಲ್ಲ, ನೆರಳಿನಂತೆ ನಿಂತಿತು. ಇನ್ನಷ್ಟು ತಿಕ್ಕಲೇ ಎಂದು ಹುಡುಗ ಕೇಳಲಿಲ್ಲ.

ಸಂಖ್ಯೆಯ ಮೇಲಿನ ತುಕ್ಕನ್ನು ಅಜ್ಜ ತಾವೇ ತೆಗೆದರು. ಬಿದಿರಿನ ಕಡ್ಡಿಯೊಂದನ್ನು ಹಲ್ಲಿನಿಂದ ಜಜ್ಜಿ ಕುಂಚದಂತೆ ಮಾಡಿ, ಒಂದೊಂದು ಅಂಕಿಯ ಗೆರೆಯೊಳಗೂ ಎಣ್ಣೆ ಆಡಿಸಿದರು. ಹುಡುಗ ವಿನಾಯಿತಿಯ ಪತ್ರ ತಂದು ಒಂದೊಂದಾಗಿ ಓದಿದ. ಕೊನೆಯ ಅಂಕಿ ಮೂರೋ ಎಂಟೋ ಎಂದು ಅರ್ಧ ಗಂಟೆ ಚರ್ಚೆಯಾಯಿತು. ಕಡೆಗೆ ಎಡಬದಿಯ ಗೆರೆ ಮೂಡಿ ಎಂಟೆಂದಾಯಿತು, ಪತ್ರದಲ್ಲಿಯೂ ಎಂಟೇ.

ನಳಿಗೆಯ ಒಳಮೈಯೇ ನಿಜವಾದ ಪರೀಕ್ಷೆ. ಹೊರಗಿನ ಕುಳಿ ಅಂದಗೇಡು. ಒಳಗಿನ ಕುಳಿ ಅಪಾಯ. ಗಜಕ್ಕೆ ಹಿತ್ತಾಳೆ ಬಣ್ಣದ ಬ್ರಷ್ಷನ್ನು ತಿರುಚಿ, ತೋಟೆ ಇಡುವ ಕಡೆಯಿಂದ ಬಾಯಿಯ ಕಡೆಗೆ ಹಲವು ಸಲ ನೂಕಿ, ಬಟ್ಟೆಯ ತುಂಡುಗಳನ್ನು ಒಂದರ ಹಿಂದೆ ಒಂದು ಎಳೆದರು. ಮೊದಲ ತುಂಡು ಕಪ್ಪು ಕೆಸರಾಗಿ ಬಂದಿತು. ಒಂಬತ್ತನೆಯದು ಹಾಕಿದಂತೆಯೇ ಹೊರಬಂದಿತು. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಬಳೆ ಬಳೆಯಾಗಿ ಬೆಳಕು ಓಡಬೇಕು. ಎರಡು ನಳಿಗೆಗಳಲ್ಲಿಯೂ ಓಡಿತು. ಆದರೂ ಅಜ್ಜ ತಮ್ಮ ಕಣ್ಣನ್ನೇ ನಂಬಲಿಲ್ಲ. ಕೋವಿ ದುರಸ್ತಿಯ ಕಸಬಿನವನೊಬ್ಬ ನೋಡಿ ಸೈ ಎಂದ ಮೇಲೆಯೇ ತೋಟೆ ಹಾಕುವುದೆಂದು ಹೇಳಿದರು. ಅವನು ಕೀಲಿನ ಬಿಗಿತವನ್ನೂ ಕುದುರೆಯ ಹಿಡಿತವನ್ನೂ ಪರೀಕ್ಷಿಸಿ ಒಪ್ಪಿದ.

ಕೇಪಿನ ಕೋವಿಯ ಕಥೆ ಬೇರೆಯಾಯಿತು. ಇಂಥ ಕೋವಿಯಲ್ಲಿ ಅರ್ಧ ಶತಮಾನದ ಹಿಂದೆ ತುಂಬಿದ ಮದ್ದು ಹಾಗೆಯೇ ಕೂತಿರಬಹುದು. (ರೋಗಕ್ಕೆ ಕೊಡುವುದಕ್ಕೂ ಕೋವಿಗೆ ತುಂಬುವುದಕ್ಕೂ ಕನ್ನಡದಲ್ಲಿ ಮದ್ದೆಂಬ ಹೆಸರೊಂದೇ, ಕಕ್ಕಡದ ಹದಿನೆಂಟನೆಯ ದಿನ ಕೊಡಗಿನವರು ಪಾಯಸ ಮಾಡಿ ಉಣ್ಣುವ, ನೇರಳೆ ಬಣ್ಣ ಬಿಡುವ ಸೊಪ್ಪೂ ಮದ್ದುಸೊಪ್ಪೇ.) ಅದನ್ನು ತಿಳಿಯುವುದಕ್ಕೆ ಹಿಂದಿನವರು ಗಜದ ಮೇಲೆ ಒಂದು ಗೆರೆ ಕೊರೆದಿಡುತ್ತಿದ್ದರು. ಗಜವನ್ನು ಬಾಯಿಯಿಂದ ಇಳಿಬಿಟ್ಟರೆ ಟಣ್ಣೆಂದು ತಳ ತಾಗಿ ಗೆರೆ ಬಾಯಿಯ ಮಟ್ಟಕ್ಕೆ ನಿಲ್ಲಬೇಕು. ಗೆರೆ ಮೇಲೆಯೇ ಉಳಿದರೆ ಒಳಗೆ ಏನೋ ಇದೆ. ಬಾಯಿಗೆ ಮುಖವಾಗಲಿ ಕೈಯಾಗಲಿ ಅಡ್ಡಬಾರದಂತೆ ಬದಿಯಲ್ಲಿ ನಿಂತು ಅಜ್ಜ ಗಜವನ್ನು ಬಿಟ್ಟರು. ಟಣ್ಣೆಂದಿತು. ಮದ್ದಿರಲಿಲ್ಲ. ಆದರೆ ಗಜ ಇಳಿಯುವಾಗ ನಡುವೆ ಎರಡು ಕಡೆ ತೊಡರಿತು.

ಕರಿಮದ್ದಿನ ಮಸಿ ತೇವವನ್ನು ಎಳೆಯುವ ಉಪ್ಪುಗಳಿಂದ ಕೂಡಿದ್ದು. ಹೊಡೆದ ದಿನವೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ಅದು ಒಳಗಿಂದ ತಿನ್ನತೊಡಗುತ್ತದೆ. ಈ ಕೋವಿಯನ್ನು ಎಂದೋ ಯಾರೋ ಒಂದು ಸಲ ತೊಳೆಯದೆ ಇಟ್ಟಿದ್ದರು. ಹೊರಗಿನ ಕೆಂಪನ್ನು ಎಣ್ಣೆಯಿಂದ ತೆಗೆದಾಗ ಕೆಳಗೆ ಹಾವಿನ ಪೊರೆಯಂಥ ಸುರುಳಿ ಸುರುಳಿಯ ವಿನ್ಯಾಸ ಮೂಡಿತು. ಕಬ್ಬಿಣದ ಹಾಗೂ ಉಕ್ಕಿನ ಪಟ್ಟಿಗಳನ್ನು ಸುತ್ತಿ, ಕಾಸಿ, ಬಡಿದು ಮಾಡಿದ ಹಳೆಯ ನಳಿಗೆಗಳ ಲಕ್ಷಣವದು. ಹುಡುಗ ಬೆರಗಾಗಿ ನೋಡಿದ. ಇಂಥ ಚೆಲುವು ಇಷ್ಟು ದಿನ ಗೋಡೆಯ ಮೇಲಿದ್ದುದು ಅವನಿಗೆ ಗೊತ್ತಿರಲಿಲ್ಲ. ಆದರೆ ಅಂಥ ನಳಿಗೆಯಲ್ಲಿ ತುಕ್ಕು ಬೆಸುಗೆಯ ಸಂದುಗಳನ್ನು ಹುಡುಕಿಕೊಂಡು ಇಳಿಯುತ್ತದೆ. ಕಣ್ಣಿಗೆ ಕಾಣದ ಕಡೆ ಲೋಹ ಟೊಳ್ಳಾಗಿರುತ್ತದೆ. ಕಸಬಿನವನು ಒಳಗೆ ದೀಪ ಬಿಟ್ಟು ನೋಡಿ ತಲೆಯಾಡಿಸಿದ. ಇದಕ್ಕೆ ಇನ್ನು ಮದ್ದು ಹಾಕಬೇಡಿರಿ, ಹಬ್ಬಕ್ಕೂ ಬೇಡ, ಬರಿಯ ಸದ್ದಿಗೂ ಬೇಡ ಎಂದ. ಆ ಮಾತು ಅಜ್ಜನಿಗೆ ಹಿಡಿಸಲಿಲ್ಲ. ಪುತ್ತರಿಯ ಈಡನ್ನು ಆ ಮನೆಯಲ್ಲಿ ಅದರಿಂದಲೇ ಹೊಡೆಯುವ ರೂಢಿಯಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಗಜವನ್ನು ಮೊಮ್ಮಗನ ಕೈಗೆ ಕೊಟ್ಟು ಬೇರೆ ಇಡುವಂತೆ ಹೇಳಿದರು.

ತುಕ್ಕು ತೆಗೆದಲ್ಲಿಗೆ ಮುಗಿಯಲಿಲ್ಲ. ಉಜ್ಜಿದ ಎಣ್ಣೆಯನ್ನೆಲ್ಲ ಒರೆಸಿ, ನಳಿಗೆಗಳನ್ನು ಒಲೆಯ ದೂರದ ಕಾವಿಗೆ ಹಿಡಿದು ಬೆಚ್ಚಗೆ ಮಾಡಿದರು. ಕಣ್ಣಿಗೆ ಕಾಣದ ತೇವ ಹೋಗುವುದು ಹಾಗೆ. ಆಮೇಲೆ ಹೊಸ ಎಣ್ಣೆಯ ಒಂದು ಕೈ, ಬೆರಳಿಗೆ ಅಂಟಿಯೂ ಅಂಟದಷ್ಟು. ಹೆಚ್ಚಾದ ಎಣ್ಣೆ ಕೆಳಗಿಳಿದು ಹಿಡಿಯ ಮರವನ್ನು ಮೆತ್ತಗೆ ಮಾಡುತ್ತದೆ. ಅದಕ್ಕೆಂದೇ ಮೊದಲ ಕೆಲವು ದಿನ ಬಾಯಿ ಕೆಳಗಾಗಿ ನಿಲ್ಲಿಸಿಟ್ಟರು. ಮೂರನೆಯ ದಿನ ಮತ್ತೆ ನೋಡಿದಾಗ ಒಂದೆರಡು ಕಡೆ ಕೆಂಪು ಮರಳಿ ಒಸರಿತ್ತು. ಕುಳಿಗಳ ತಳದಲ್ಲಿ ಅಡಗಿದ್ದ ತುಕ್ಕು ಹೀಗೆ ಮತ್ತೆ ತಲೆಹಾಕುವುದುಂಟು. ಆ ಸಲ ಹುಡುಗನೇ ಬಿಲ್ಲೆ ತೆಗೆದುಕೊಂಡ; ಅಜ್ಜ ಎಲೆಯಡಿಕೆಯ ಕಡೆಗೆ ನೋಡುತ್ತ ಕುಳಿತರು.

ಕೈಲ್‌ಪೊಳ್ದಿನ ದಿನ ಮಳೆ ಹಿಡಿದಿತ್ತು, ಮಧ್ಯಾಹ್ನಕ್ಕೆ ಹೊಳವಾಯಿತು. ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ ಒಡಿಕತ್ತಿ, ಪೀಚೆಕತ್ತಿಗಳ ಪಕ್ಕದಲ್ಲಿ ಎರಡು ಕೋವಿಗಳೂ ನಿಂತವು. ಕೇಪಿನ ಕೋವಿಯ ಬಾಯಿಗೆ ಎಲ್ಲಕ್ಕಿಂತ ದೊಡ್ಡ ತೋಕ್‌ಪೂ ಬಿದ್ದಿತು. ಹಿರಿಯರಿಗೆ ಎಡೆಯಿಟ್ಟ ಬಳಿಕ ಅಜ್ಜ ಪಟ್ಟೆದಾರರಾಗಿ ಮೊದಲ ಸಲ ಜೋಡುನಳಿಗೆಯನ್ನು ಎತ್ತಿ ಮೊಮ್ಮಗನ ಎರಡು ಕೈಗಳ ಮೇಲೆ ಇಟ್ಟರು. ಅವನು ಬಾಗಿ ಕಾಲುಮುಟ್ಟಿದ. 1972ರ ವನ್ಯಜೀವಿ ಕಾಯಿದೆ ಬಂದಂದಿನಿಂದ ಹಬ್ಬದ ಬೇಟೆ ನಿಂತಿದೆ. ಅದರ ಬದಲು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ನೆರೆಮನೆಯ ಯಜಮಾನರೂ ಬಂದಿದ್ದರು. ಹುಡುಗ ಹೊಡೆದ ಮೊದಲ ಈಡು ಕಾಯಿಯನ್ನು ಸವರಿಯೂ ಸವರದೆ ಎಲೆಗಳನ್ನು ಉದುರಿಸಿತು. ಎರಡನೆಯದಕ್ಕೆ ಕಾಯಿ ಒಡೆಯಿತು. ನೆರೆಯವರು ಕಿವಿಯ ಮೇಲಿಂದ ಕೈ ತೆಗೆದು, ‘‘ಇದು ನಿಮ್ಮ ಮನೆಯ ಸದ್ದು’’ ಎಂದರು. ಅಜ್ಜ ಕೇಳಿಸಿತೆಂದು ತಲೆಯಾಡಿಸಿದರು.

ಸಂಜೆ ಒಳಗೆ ಎಲೆ ಹಾಕಿಯಾಗಿತ್ತು. ಐಮರದ ಮೇಲೆ ಹಳೆಯ ಗೋಣಿ, ಎಣ್ಣೆಯ ಸೀಸೆ, ಬಟ್ಟೆಯ ತುಂಡುಗಳು. ಕಡಂಬುಟ್ಟು ಆರುತ್ತಿದೆಯೆಂದು ಎರಡು ಸಲ ಕೂಗು ಬಂದರೂ ಹುಡುಗ ನಳಿಗೆ ಒರೆಸುವುದನ್ನು ಬಿಟ್ಟು ಏಳಲಿಲ್ಲ.